ಬಹುಮಾನ ಗೆದ್ದ ಹೆಣ್ಣು ಕುದುರೆಗಳು ಮತ್ತು ಹಗ್ಗ ಹಿಡಿದ ಆಸಾಮಿಗಳು

ಕುದುರೆ ಅಂದ ತಕ್ಷಣ ನಮಗೆ ನೆನಪಾಗೋದು ಮೂರೋ ನಾಲ್ಕೋ ಚಿತ್ರಗಳು. ರಾಜರ ಸವಾರಿ, ದಸರಾ ಮೆರವಣಿಗೆ, ರೇಸ್‌ಕೋರ್ಸು, ಹೆಚ್ಚೆಂದರೆ ಬಸ್‌ಸ್ಟ್ಯಾಂಡಿನ ಮುಂದೆ ತಲೆ ತಗ್ಗಿಸಿ ನಿಂತ ಬಡಕಲು ಜಟಕಾ ಕುದುರೆ. ಹೊಲ ಉಳುವ ಕುದುರೆ ನಮ್ಮ ಕಲ್ಪನೆಗೇ ಬರೋದಿಲ್ಲ. ಬರೋದು ಹೇಗೆ, ನಮ್ಮಲ್ಲಿ ಆ ಕೆಲಸಕ್ಕೆ ಎತ್ತುಗಳಿದ್ದವಲ್ಲ! ಹಾಗಾಗಿ ಇಂಗ್ಲಿಷರು 'ಹೆವಿ ಹಾರ್ಸ್' ಅನ್ನೋ ಪ್ರಾಣಿಗೆ ಕನ್ನಡದಲ್ಲಿ ರೂಢಿಯ ಹೆಸರೇ ಇಲ್ಲ. ಸದ್ಯಕ್ಕೆ ಭಾರಿ ಕುದುರೆ ಅಂತ ಕರೆಯೋಣ. ಹೆಗಲ ಹತ್ತಿರ ಅಳೆದರೇ ಐದೂವರೆ ಅಡಿ ಎತ್ತರ, ತೂಕ ಎಂಟುನೂರು ಒಂಬೈನೂರು ಕಿಲೋ, ಊಟದ ತಟ್ಟೆಯಷ್ಟು ಅಗಲದ ಗೊರಸು. ನೇಗಿಲು, ಬಂಡಿ, ಬೀರ್ ಪೀಪಾಯಿ, ರೈಲ್ವೆ ಗೂಡ್ಸು, ಎಲ್ಲವನ್ನೂ ಎಳೆದ ಪ್ರಾಣಿ ಇದು.

ಈ ಭಾರಿ ಕುದುರೆಗಳ ಹಳೇ ಫೋಟೋಗಳು ಬೇಕಾದಷ್ಟು ಉಳಿದಿವೆ. ಹೆಚ್ಚಿನವು ಸುಮಾರು 1880ರಿಂದ 1930ರ ನಡುವಿನವು. ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ಅಮೆರಿಕಗಳಲ್ಲಿ ತೆಗೆದವು. ಹತ್ತು ಫೋಟೋ ನೋಡಿದರೆ ಸಾಕು, ಹನ್ನೊಂದನೆಯದು ಹೇಗಿರುತ್ತೆ ಅಂತ ಕಣ್ಣುಮುಚ್ಚಿ ಹೇಳಬಹುದು. ಕುದುರೆ ಪಕ್ಕಕ್ಕೆ ತಿರುಗಿ ನಿಂತಿರುತ್ತೆ. ಮೈ ಮಿಂಚುವ ಹಾಗೆ ಉಜ್ಜಿರುತ್ತಾರೆ. ಕುತ್ತಿಗೆ ಮೇಲಿನ ಅಯಾಲನ್ನು ಜಡೆ ಹೆಣೆದು ನಡುನಡುವೆ ಬಣ್ಣದ ಟೇಪು ಸಿಕ್ಕಿಸಿರುತ್ತಾರೆ. ಬಾಲವನ್ನು ಮೇಲಕ್ಕೆತ್ತಿ ಗಂಟು ಹಾಕಿರುತ್ತಾರೆ. ಮುಂದುಗಡೆ ಟೋಪಿ ಹಾಕಿದ ಒಬ್ಬ ಮನುಷ್ಯ ಹಗ್ಗ ಹಿಡಿದು ಸೆಟೆದು ನಿಂತಿರುತ್ತಾನೆ. ಕೆಳಗೆ ಅಚ್ಚಾದ ಸಾಲಿನಲ್ಲಿ ಕುದುರೆಯ ಹೆಸರು, ಅದರ ಅಪ್ಪನ ಹೆಸರು, ಗೆದ್ದ ಬಹುಮಾನ, ಮಾಲೀಕರ ಹೆಸರು. ಹಗ್ಗ ಹಿಡಿದವನ ಹೆಸರು? ಅದು ಮಾತ್ರ ಸಾಮಾನ್ಯವಾಗಿ ಇರೋದಿಲ್ಲ.

ಮೊದಲ ನೋಟಕ್ಕೆ ಬೋರು ಹೊಡೆಸೋ ಫೋಟೋಗಳು, ನಿಜ. ಎಲ್ಲಾ ಒಂದೇ ಥರ. ಆದರೆ ಬಹುಮಾನ ಗೆದ್ದ ಹೆಣ್ಣು ಕುದುರೆಗಳ ಫೋಟೋಗಳನ್ನಷ್ಟೇ ಬೇರೆ ತೆಗೆದಿಟ್ಟು ನೋಡಿದರೆ ಅದರೊಳಗೊಂದು ಕಥೆ ಇದೆ. ಯಾರ ಹೆಸರು ದಾಖಲೆಗೆ ಹೋಗುತ್ತೆ, ಯಾರದ್ದು ಹೋಗೋದಿಲ್ಲ ಅನ್ನೋ ಕಥೆ. ಅದನ್ನೇ ಇವತ್ತು ಹೇಳೋಣ ಅಂತ.

ಅಪ್ಪಂದಿರ ಪುಸ್ತಕ

ಮೊದಲು ಕುದುರೆಗಳ ಪರಿಚಯ ಚುಟುಕಾಗಿ. ಇಂಗ್ಲೆಂಡಿನ ನಡುಭಾಗದ್ದು ಶೈರ್. ಕಾಲಿನ ಕೆಳಗೆ ಗೊರಸು ಮುಚ್ಚುವಷ್ಟು ಉದ್ದ ಕೂದಲು ಇರುತ್ತಲ್ಲ, ಅದು. ಸ್ಕಾಟ್ಲೆಂಡಿನದ್ದು ಕ್ಲೈಡ್ಸ್‌ಡೇಲ್. ಅದಕ್ಕೂ ಕಾಲಲ್ಲಿ ಕೂದಲು, ಆದರೆ ನಡಿಗೆ ಹೆಚ್ಚು ಚುರುಕು. ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೋಕ್ ಪಂಚ್ ಗುಂಡುಗುಂಡಗಿನ ಕುದುರೆ. ಕಾಲಲ್ಲಿ ಕೂದಲಿಲ್ಲ, ಬಣ್ಣ ಯಾವಾಗಲೂ ಕೆಂಚು. ಫ್ರಾನ್ಸಿನ ಪೆರ್ಶ್ ಸೀಮೆಯದ್ದು ಪೆರ್ಶೆರಾನ್, ಬೂದು ಅಥವಾ ಕಪ್ಪು ಬಣ್ಣದ್ದು. ರೋಸಾ ಬೊನ್ಹೂರ್ ಅನ್ನೋ ಕಲಾವಿದೆ ಪ್ಯಾರಿಸ್ಸಿನ ಕುದುರೆ ಸಂತೆಯನ್ನು 1850ರ ದಶಕದಲ್ಲಿ ಗೋಡೆಯಷ್ಟು ದೊಡ್ಡದಾಗಿ ಬಿಡಿಸಿದ್ದಾಳೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಆ ಚಿತ್ರದಲ್ಲಿ ಕುಣಿಯುತ್ತಿರೋದು ಈ ಪೆರ್ಶೆರಾನುಗಳೇ. ಇನ್ನು ಬೆಲ್ಜಿಯಂನ ಬ್ರಬಾಂಟ್, ಎಲ್ಲಕ್ಕಿಂತ ದಪ್ಪ.

ಇವೆಲ್ಲ ನೂರಾರು ವರ್ಷಗಳಿಂದ ಇದ್ದ ಕುದುರೆಗಳು. ಆದರೆ 'ಇದು ಶೈರ್, ಇದು ಕ್ಲೈಡ್ಸ್‌ಡೇಲ್' ಅಂತ ಕಾಗದದ ಮೇಲೆ ಗೆರೆ ಎಳೆದದ್ದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ. ಕ್ಲೈಡ್ಸ್‌ಡೇಲ್ ಸೊಸೈಟಿ ಮತ್ತು ಸಫೋಕ್ ಸೊಸೈಟಿ ಹುಟ್ಟಿದ್ದು 1877ರಲ್ಲಿ. ಮರುವರ್ಷ, 1878ರಲ್ಲಿ, ಇಂಗ್ಲಿಷ್ ಕಾರ್ಟ್ ಹಾರ್ಸ್ ಸೊಸೈಟಿ ಹುಟ್ಟಿತು. 'ಬಂಡಿ ಕುದುರೆ' ಅನ್ನೋ ಹೆಸರು ಅಷ್ಟು ಘನವಾಗಿ ಕೇಳಿಸಲಿಲ್ಲವೋ ಏನೋ, 1884ರಲ್ಲಿ ಶೈರ್ ಹಾರ್ಸ್ ಸೊಸೈಟಿ ಅಂತ ನಾಮಕರಣ ಬದಲಾಯಿಸಿಕೊಂಡಿತು. ಒಂದೊಂದು ಸೊಸೈಟಿಯೂ ಒಂದೊಂದು ಸ್ಟಡ್ ಬುಕ್ ತಂದಿತು. ಸ್ಟಡ್ ಬುಕ್ ಅಂದ್ರೆ ಕುದುರೆಗಳ ವಂಶಾವಳಿ ಪುಸ್ತಕ. ಪ್ರತಿ ಕುದುರೆಗೂ ಹೆಸರು, ನಂಬರು, ಅಪ್ಪ, ತಾತ, ಮುತ್ತಾತ...

ಇಲ್ಲೇ ಇರೋದು ಮಜಾ. ನಮ್ಮ ಮನೆತನದ ವಂಶವೃಕ್ಷಗಳನ್ನು ನೆನಪಿಸಿಕೊಳ್ಳಿ. ಅಜ್ಜ, ಅವರ ಅಪ್ಪ, ಅವರ ಅಪ್ಪ ಅಂತ ಏಳು ತಲೆಮಾರು ಹೋಗುತ್ತೆ. ಅಜ್ಜಿಯರ ಹೆಸರು ಹುಡುಕಿದರೂ ಸಿಗೋದಿಲ್ಲ. ಕುದುರೆಗಳ ಪುಸ್ತಕವೂ ಶುರುವಾಗಿದ್ದು ಹಾಗೆಯೇ. ಕ್ಲೈಡ್ಸ್‌ಡೇಲ್ ಸ್ಟಡ್ ಬುಕ್ಕಿನ ಮೊದಲ ಸಂಪುಟದಲ್ಲಿ ಇದ್ದದ್ದು 1875ಕ್ಕೂ ಮುಂಚೆ ಹುಟ್ಟಿದ ಗಂಡು ಕುದುರೆಗಳ ವಂಶಾವಳಿ ಮಾತ್ರ. ಸಫೋಕ್ ಕುದುರೆಗಳ ಚರಿತ್ರೆಯನ್ನು ಹರ್ಮನ್ ಬಿಡೆಲ್ 1880ರಲ್ಲಿ ಪುಸ್ತಕ ಮಾಡಿ ತಂದರು. ಇವತ್ತಿರುವ ಅಷ್ಟೂ ಸಫೋಕ್ ಕುದುರೆಗಳ ಗಂಡು ಕಡೆಯ ಮೂಲ 1768ರಲ್ಲಿ ಹುಟ್ಟಿದ ಒಂದೇ ಒಂದು ಗಂಡು ಕುದುರೆಗೆ ಹೋಗಿ ನಿಲ್ಲುತ್ತೆ. ಅಫರ್ಡ್ ಅನ್ನೋ ಊರಿನ ಕ್ರಿಸ್ಪ್ ಎಂಬುವರ ಕುದುರೆ ಅದು. ಎಲ್ಲರಿಗೂ ಗೊತ್ತಿರುವ ಹೆಸರು. ಆ ಕುದುರೆಗೆ ಮರಿ ಹೆತ್ತುಕೊಟ್ಟ ತಾಯಂದಿರು? ಚರಿತ್ರೆ ಶುರುವಾಗೋದೇ ಅಪ್ಪನಿಂದ!

ಆ ಕಾಲದ ವಂಶಾವಳಿಯಲ್ಲಿ ತಾಯಿಯನ್ನು ಬರೆಯೋ ರೀತಿ ನೋಡಿ. ಆನೆಸ್ಟ್ ಟಾಮ್ ಅಂತ ಒಂದು ಹೆಸರುವಾಸಿ ಶೈರ್ ಗಂಡು ಕುದುರೆ ಇತ್ತು. ಅದರ ಮಗಳಿಗೆ ಮರಿ ಹುಟ್ಟಿದರೆ ಪುಸ್ತಕದಲ್ಲಿ 'ತಾಯಿ: ಆನೆಸ್ಟ್ ಟಾಮ್‌ನ ಮಗಳು' ಅಂತ ಬರೆದು ಮುಗಿಸುತ್ತಿದ್ದರು. ಅದರ ತಾಯಿ ಇನ್ಯಾವುದೋ ಗಂಡು ಕುದುರೆಯ ಮಗಳು. ಹೆಸರಿದ್ದರೂ ಮನೆಯಲ್ಲಿ ಮುದ್ದಿಗೆ ಕರೆಯೋ ಹೆಸರುಗಳು. ಡಾರ್ಲಿಂಗ್, ಬ್ಲಾಸಮ್, ಬಾನಿ, ಜೆಸ್, ಫ್ಲವರ್... ನಮ್ಮ ಹಳ್ಳಿಯ ಹಟ್ಟಿಗಳಲ್ಲಿ ಗೌರಿ, ಲಕ್ಷ್ಮಿ ಇದ್ದ ಹಾಗೆ, ಊರಿಗೆ ಹತ್ತು ಡಾರ್ಲಿಂಗುಗಳು. ಯಾವ ಡಾರ್ಲಿಂಗ್ ಯಾರಮ್ಮ ಅಂತ ಪತ್ತೆ ಮಾಡೋದು ದೇವರಿಗೇ ಪ್ರೀತಿ.

ಹೊಟ್ಟೆ ಹೊರೆದದ್ದು ಯಾರು?

ಇಷ್ಟಕ್ಕೂ ರೈತನ ಮನೆ ನಡೆಸುತ್ತಿದ್ದದ್ದು ಯಾರು ಅಂತ ನೋಡಿದರೆ ಅದು ಹೆಣ್ಣು ಕುದುರೆಯೇ.

ಗುತ್ತಿಗೆಗೆ ಜಮೀನು ಹಿಡಿದ ಒಬ್ಬ ಸಾಧಾರಣ ಇಂಗ್ಲಿಷ್ ರೈತ ಗಂಡು ಕುದುರೆ ಸಾಕುತ್ತಿರಲಿಲ್ಲ. ಅದರ ಖರ್ಚು, ಅದರ ಸಿಟ್ಟು ಎರಡನ್ನೂ ತಾಳಿಕೊಳ್ಳೋದು ಕಷ್ಟ. ಅವನ ಲಾಯದಲ್ಲಿ ಇರುತ್ತಿದ್ದದ್ದು ಕೆಲಸದ ಹೆಣ್ಣು ಕುದುರೆಗಳು. ಚಳಿಗಾಲದಲ್ಲಿ, ವಸಂತದಲ್ಲಿ ಅವೇ ಉಳುತ್ತಿದ್ದವು. ವಸಂತ ಬಂತೆಂದರೆ ಬೀಜದ ಕುದುರೆಯನ್ನು ಹಿಡಿದುಕೊಂಡು ಒಬ್ಬ ಆಳು ಹಳ್ಳಿಯಿಂದ ಹಳ್ಳಿಗೆ ನಡೆದು ಬರುತ್ತಿದ್ದ. ಇಂಥ ದಿನ ಇಂಥ ಊರಿನ ಹೋಟೆಲಿನ ಅಂಗಳ ಅಂತ ವಾರದ ಟೈಮ್‌ಟೇಬಲ್ ಇರುತ್ತಿತ್ತು. ಅದನ್ನು ಕಾರ್ಡಿನಲ್ಲಿ ಅಚ್ಚು ಹಾಕಿಸಿ ಹಂಚುತ್ತಿದ್ದರು. ಈ ವ್ಯವಹಾರ ಎಷ್ಟು ದೊಡ್ಡದಾಗಿತ್ತೆಂದರೆ, ಹೀಗೆ ಊರೂರು ತಿರುಗುವ ಗಂಡು ಕುದುರೆಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಿ 1918ರಲ್ಲಿ ಬ್ರಿಟನ್ ಒಂದು ಕಾಯ್ದೆಯನ್ನೇ ತಂದಿತು.

ಹೆಣ್ಣು ಕುದುರೆ ಗಬ್ಬವಾದ ಮೇಲೂ ಹಗುರ ಕೆಲಸ ನಡೆಯುತ್ತಿತ್ತು. ಹನ್ನೊಂದು ತಿಂಗಳಿಗೆ ಮರಿ. ಗಂಡು ಮರಿಯಾದರೆ ಬೀಜ ಒಡೆಸಿ, ಎರಡು ಮೂರು ವರ್ಷಕ್ಕೆ ಕೆಲಸ ಕಲಿಸಿ, ಐದಾರು ವರ್ಷಕ್ಕೆ ಪೇಟೆಗೆ ಮಾರುತ್ತಿದ್ದರು. ರೈಲ್ವೆ ಕಂಪನಿಗಳು, ಬೀರ್ ಕಾರ್ಖಾನೆಗಳು, ಕಲ್ಲಿದ್ದಲು ವ್ಯಾಪಾರಿಗಳು ಒಳ್ಳೇ ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಜಮೀನಿನ ಗುತ್ತಿಗೆ ಹಣ ಎಷ್ಟೋ ಮನೆಗಳಲ್ಲಿ ಹುಟ್ಟುತ್ತಿದ್ದದ್ದು ಹೀಗೆ. ಅಂದರೆ ಹೆಣ್ಣು ಕುದುರೆ ಉಳುಮೆಯ ಟ್ರ್ಯಾಕ್ಟರೂ ಹೌದು, ಟ್ರ್ಯಾಕ್ಟರ್ ತಯಾರಿಸುವ ಕಾರ್ಖಾನೆಯೂ ಹೌದು!

ಇದನ್ನು ತಲೆಯಲ್ಲಿಟ್ಟುಕೊಂಡು ಹಳೇ ಫೋಟೋ ನೋಡಿದರೆ ಒಂದು ವಿಷಯ ಗೊತ್ತಾಗುತ್ತೆ. ಲಂಡನ್ ಬೀದಿಯಲ್ಲಿ ಪೀಪಾಯಿ ಬಂಡಿ ಎಳೆಯುತ್ತಿರುವ ಜೋಡಿ ಕುದುರೆಗಳು ಬಹುಮಟ್ಟಿಗೆ ಬೀಜ ಒಡೆಸಿದ ಗಂಡುಗಳು. ಹೊಲದಲ್ಲಿ ನೇಗಿಲಿಗೆ ಕಟ್ಟಿದ ಜೋಡಿ ಬಹಳಷ್ಟು ಸಲ ಹೆಣ್ಣು. ಊರ ಫೋಟೋದಲ್ಲಿ ಮಗ, ಹೊಲದ ಫೋಟೋದಲ್ಲಿ ತಾಯಿ.

ತಾಯಿಗೊಂದು ಮುಖ

ಈ ತಾಯಂದಿರಿಗೆ ಹೆಸರು ತಂದುಕೊಟ್ಟದ್ದರಲ್ಲಿ ಎರಡು ಸಂಗತಿಗಳ ಪಾಲು ದೊಡ್ಡದು. ಒಂದು ಕೃಷಿ ಪ್ರದರ್ಶನ, ಇನ್ನೊಂದು ಕ್ಯಾಮೆರಾ.

ಪ್ರದರ್ಶನ ಮೊದಲಿಂದಲೂ ಇತ್ತು. ಸ್ಕಾಟ್ಲೆಂಡಿನ ಹೈಲ್ಯಾಂಡ್ ಸೊಸೈಟಿಯ ಮೊದಲ ಶೋ ನಡೆದದ್ದು 1822ರಲ್ಲಿ, ಎಡಿನ್‌ಬರೋದಲ್ಲಿ. ಇಂಗ್ಲೆಂಡಿನ ರಾಯಲ್ ಶೋ ಶುರುವಾಗಿದ್ದು 1839ರಲ್ಲಿ, ಆಕ್ಸ್‌ಫರ್ಡಿನಲ್ಲಿ. ಸ್ಟಡ್ ಬುಕ್ಕುಗಳು ಬಂದ ಮೇಲೆ ಲಂಡನ್ನಿನ ಇಸ್ಲಿಂಗ್ಟನ್ ಹಾಲ್‌ನಲ್ಲಿ ಶೈರ್‌ಗಳದ್ದೇ ಬೇರೆ ಶೋ. ಇಲ್ಲಿ ಹೆಣ್ಣು ಕುದುರೆಗಳಿಗೆ ಬೇರೆ ವಿಭಾಗ, ಬೇರೆ ಬಹುಮಾನ. ವರ್ಷದ ಮರಿ, ಎರಡು ವರ್ಷದ್ದು, ಪಕ್ಕದಲ್ಲಿ ಮರಿ ನಿಂತಿರುವ ತಾಯಿ ಹೀಗೆ. ಬಹುಮಾನ ಪಟ್ಟಿಯಲ್ಲಿ ಬರಬೇಕೆಂದರೆ ಖಚಿತವಾದ ಒಂದು ಹೆಸರು ಬೇಕಲ್ಲ? ಬರೀ ಡಾರ್ಲಿಂಗ್ ಅಂದರೆ ಆಗದು. ಹಾಗಾಗಿ ಸ್ಟಡ್ಡಿನ ಹೆಸರನ್ನು ಮನೆತನದ ಹೆಸರಿನಂತೆ ಮುಂದೆ ಸೇರಿಸೋ ರೂಢಿ ಗಟ್ಟಿಯಾಯಿತು. ಡನ್ಸ್‌ಮೋರ್ ಸ್ಟಡ್ಡಿನ ಕುದುರೆ ಡನ್ಸ್‌ಮೋರ್ ಗ್ಲೋಮಿಂಗ್ ಆಯಿತು. ಗ್ಲೋಮಿಂಗ್ ಅಂದ್ರೆ ಮುಸ್ಸಂಜೆ. ಬಂಡಿ ಎಳೆಯೋ ಕುದುರೆಗೆ ಎಂಥಾ ಹೆಸರು ನೋಡಿ! ಸ್ಕಾಟ್ಲೆಂಡಿನಲ್ಲಿ ಮಾಂಟ್ರೇವ್‌ನ ಸರ್ ಜಾನ್ ಗಿಲ್ಮೂರ್ ಅವರ ಬಳಿ ಮಾಸ್ ರೋಸ್ ಅಂತ ಒಂದು ಕ್ಲೈಡ್ಸ್‌ಡೇಲ್ ಇತ್ತು. ಅದರ ಮಗಳು ಮಾಂಟ್ರೇವ್ ಮಾಡ್. ಕ್ಲೈಡ್ಸ್‌ಡೇಲ್ ಪ್ರಿಯರ ನಡುವೆ ಈ ತಾಯಿ ಮಗಳು ಇಬ್ಬರೂ ಸ್ವಂತ ಹೆಸರಿನಿಂದಲೇ ಗುರುತಾದವರು. 'ಇಂಥವನ ಮಗಳು' ಅಂತ ಅಲ್ಲ.

ಕ್ಯಾಮೆರಾ ಬರೋ ತನಕ ಪ್ರಾಣಿಗಳ ಭಾವಚಿತ್ರ ಬಿಡಿಸುವವರು ಪೇಂಟರ್‌ಗಳು. ಅವರ ಕಷ್ಟ ಕೇಳಬೇಡಿ. ದುಡ್ಡು ಕೊಡುವ ಮಾಲೀಕನಿಗೆ ತನ್ನ ಎತ್ತು ಇದ್ದದ್ದಕ್ಕಿಂತ ದಪ್ಪ ಕಾಣಬೇಕು. ಮರದಚ್ಚಿನ ಕಲೆಯಲ್ಲಿ ದೊಡ್ಡ ಹೆಸರಾದ ಥಾಮಸ್ ಬ್ಯೂವಿಕ್ ತಮ್ಮ ಆತ್ಮಕಥೆಯಲ್ಲಿ ಇದನ್ನು ಹೇಳಿಕೊಂಡಿದ್ದಾರೆ. ಪ್ರಾಣಿಯ ಮೈಮೇಲೆ ತಮ್ಮ ಕಣ್ಣಿಗೆ ಕಾಣದ ಕೊಬ್ಬಿನ ಉಂಡೆಗಳನ್ನು ಚಿತ್ರದಲ್ಲಿ ಸೇರಿಸಲು ಕೇಳಿದರಂತೆ, ಇವರು ಒಪ್ಪಲಿಲ್ಲವಂತೆ. ಒಪ್ಪಿದವರು ಬೇಕಾದಷ್ಟು ಜನ ಇದ್ದರು ಅನ್ನೋದಕ್ಕೆ ಆ ಕಾಲದ ಚಿತ್ರಗಳೇ ಸಾಕ್ಷಿ. ಪೆಟ್ಟಿಗೆಗೆ ನಾಲ್ಕು ಕಡ್ಡಿ ಚುಚ್ಚಿದಂತೆ ಕಾಣೋ ಹಸುಗಳು, ಗುಡಾಣದಂಥ ಹಂದಿಗಳು...

ಫೋಟೋ ಬಂದಾಗ ಜನ ಅಂದುಕೊಂಡರು, ಇನ್ನು ಮೋಸ ನಡೆಯೋದಿಲ್ಲ ಅಂತ. 1870ರ ದಶಕದ ಕೊನೆಗೆ ಒಣ ಗಾಜಿನ ಪ್ಲೇಟುಗಳು ಅಂಗಡಿಯಲ್ಲಿ ಸಿಗತೊಡಗಿದವು. ಅದಕ್ಕೂ ಮುಂಚೆ ಪ್ಲೇಟಿಗೆ ಅಲ್ಲೇ ರಾಸಾಯನಿಕ ಸವರಿ, ಅದು ಒಣಗುವ ಮುನ್ನ ಫೋಟೋ ತೆಗೆದು, ಅಲ್ಲೇ ತೊಳೆಯಬೇಕಿತ್ತು. ಸೆಕೆಂಡುಗಟ್ಟಲೆ ಕುದುರೆ ಅಲುಗದೆ ನಿಲ್ಲಬೇಕಿತ್ತು. ನೊಣ ಕೂತರೂ ಬಾಲ ಆಡಿಸೋ ಪ್ರಾಣಿ ನಿಲ್ಲುತ್ತಾ? ಒಣ ಪ್ಲೇಟು ಬಂದ ಮೇಲೆ ಫೋಟೋಗ್ರಾಫರ್ ಸೀದಾ ಹಟ್ಟಿಗೇ ಬಂದ. ಸ್ಕಾಟ್ಲೆಂಡಿನ ವಿಷಾ ಊರಿನ ಚಾರ್ಲ್ಸ್ ರೀಡ್ ಇಂಥ ಪ್ರಾಣಿ ಫೋಟೋಗಳಿಗೇ ಹೆಸರಾದವರು.

ತಮಾಷೆ ಅಂದ್ರೆ, ಜಗತ್ತಿನ ಅತ್ಯಂತ ಪ್ರಸಿದ್ಧ ಕುದುರೆ ಫೋಟೋ ಕೂಡ ಒಂದು ಹೆಣ್ಣು ಕುದುರೆಯದ್ದೇ. 1878ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು ಸ್ಯಾಲಿ ಗಾರ್ಡ್‌ನರ್ ಅನ್ನೋ ರೇಸ್ ಕುದುರೆಯ ಓಟವನ್ನು ಹಿಡಿದರಲ್ಲ, ಅದು. ಓಡುವಾಗ ನಾಲ್ಕೂ ಕಾಲು ಒಮ್ಮೆ ನೆಲ ಬಿಡುತ್ತೆ ಅಂತ ಆಗ ಕಣ್ಣಿಗೆ ಕಂಡಿತು. ಭಾರಿ ಕುದುರೆಯ ಮಾಲೀಕನಿಗೆ ಬೇಕಾಗಿದ್ದು ಇದಕ್ಕೆ ತದ್ವಿರುದ್ಧ. ಓಟ ಬೇಡ, ನಿಂತ ನಿಲುವು ಬೇಕು.

ಫೋಟೋ ಓದುವ ಬಗೆ

ಹಾಗಾದರೆ ಫೋಟೋದಲ್ಲಿ ಮೋಸ ನಿಂತಿತೇ? ಎಲ್ಲಿ ಬಂತು! ಬೇರೆ ರೂಪದಲ್ಲಿ ಮುಂದುವರಿಯಿತು ಅಷ್ಟೆ. ಇಂಥ ಹಳೇ ಫೋಟೋ ಕೈಗೆ ಸಿಕ್ಕರೆ ಏನೇನು ನೋಡಬೇಕು ಅಂತ ಹೇಳ್ತೀನಿ.

ಮೊದಲು ಕಾಲುಗಳು. ಈ ಕಡೆಯ ಮುಂಗಾಲು ಹಿಂಗಾಲುಗಳನ್ನು, ಆ ಕಡೆಯವನ್ನು ಸ್ವಲ್ಪ ಹಿಂದುಮುಂದಾಗಿ ಇಡಿಸಿರುತ್ತಾರೆ. ನಾಲ್ಕೂ ಕಾಲು ಕಾಣಲಿ ಅಂತ. ಕೊಳ್ಳುವವ ಮೊದಲು ನೋಡೋದು ಗೊರಸು. ಗೊರಸು ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ದಂಡ. ಫೋಟೋದಲ್ಲಿ ಗೊರಸು ಹುಲ್ಲಿನಲ್ಲಿ ಮುಚ್ಚಿಹೋಗಿದ್ದರೆ ಸ್ವಲ್ಪ ಅನುಮಾನ ಪಡಬೇಕು!

ಆಮೇಲೆ ಎತ್ತರ. ಕ್ಯಾಮೆರಾವನ್ನು ಕೆಳಗಿಟ್ಟರೆ ಕುದುರೆ ಬೆಟ್ಟದ ಹಾಗೆ ಕಾಣುತ್ತೆ. ಹಗ್ಗ ಹಿಡಿಯಲು ಗಿಡ್ಡ ಆಳನ್ನು ನಿಲ್ಲಿಸಿದರೆ ಇನ್ನೂ ದೊಡ್ಡದು. ಫೋಟೋದ ಹಿಂಬದಿಯ ಬೇಲಿ, ಗಿಡ, ಗೋಡೆಗಳನ್ನು ಬಿಳಿ ಬಣ್ಣ ಬಳಿದು ಅಳಿಸಿಬಿಡುತ್ತಿದ್ದರು. ಬೆನ್ನಿನ ಗೆರೆಯನ್ನು ಕುಂಚದಿಂದ ನೇರ ಮಾಡೋದೂ ಇತ್ತು. ಬ್ಯೂವಿಕ್ ಒಪ್ಪದ ಕೆಲಸವನ್ನು ರೀಟಚ್ ಮಾಡುವವನು ಮಾಡುತ್ತಿದ್ದ.

ಬಣ್ಣದ ವಿಷಯದಲ್ಲಂತೂ ಈ ಫೋಟೋಗಳನ್ನು ನಂಬಲೇಬೇಡಿ. ಆ ಕಾಲದ ಪ್ಲೇಟುಗಳಿಗೆ ನೀಲಿ ಬೆಳಕು ಚೆನ್ನಾಗಿ ಕಾಣುತ್ತಿತ್ತು, ಕೆಂಪು ಕಾಣುತ್ತಲೇ ಇರಲಿಲ್ಲ. ಹಾಗಾಗಿ ತಾಮ್ರದ ಹಂಡೆಯಂತೆ ಹೊಳೆಯುವ ಕೆಂಚು ಸಫೋಕ್ ಫೋಟೋದಲ್ಲಿ ಹೆಚ್ಚುಕಮ್ಮಿ ಕರಿ ಕುದುರೆ. ಎಲ್ಲಾ ಬಣ್ಣಕ್ಕೂ ಸ್ಪಂದಿಸುವ ಪ್ಲೇಟುಗಳು ಮಾರುಕಟ್ಟೆಗೆ ಬಂದದ್ದು 1906ರಲ್ಲಿ, ಬಳಕೆಗೆ ಬರಲು ಇನ್ನೂ ತಡವಾಯಿತು. ಅಲ್ಲೀತನಕ ಕುದುರೆಯ ಬಣ್ಣ ಬೇಕೆಂದರೆ ಫೋಟೋ ಬಿಟ್ಟು ಸ್ಟಡ್ ಬುಕ್ ನೋಡಬೇಕು. ಕಣ್ಣಿಗಿಂತ ಅಕ್ಷರವೇ ಗಟ್ಟಿ!

ಬಾಲವನ್ನೂ ನೋಡಿ. ಬಂಡಿಯ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತೆ ಅಂತ ನೆಪ ಹೇಳಿ ಬಾಲದ ಮೂಳೆಯನ್ನೇ ಮೊಟಕು ಮಾಡೋ ಪದ್ಧತಿ ಇತ್ತು. ನೊಣ ಓಡಿಸಲೂ ಆಗದ ಮೋಟು ಬಾಲ. ಬ್ರಿಟನ್ನಿನಲ್ಲಿ ಇದನ್ನು ನಿಷೇಧಿಸಿದ್ದು 1949ರ ಕಾಯ್ದೆ. ಮೋಟು ಬಾಲದ ಬ್ರಿಟಿಷ್ ಕುದುರೆ ಕಂಡರೆ ಫೋಟೋ ಅದಕ್ಕೂ ಹಿಂದಿನದು ಅಂತ ಊಹಿಸಬಹುದು.

ಇನ್ನು ಕಾಲಿನ ಕೂದಲು. ಇದಕ್ಕೆ ಅವರು 'ಫೆದರ್' ಅಂತಾರೆ, ಗರಿ ಅಂತ. ಶೋಗೆ ಹೊರಡುವ ಮುಂಚೆ ಆ ಗರಿಯನ್ನು ಸೋಪು ಹಾಕಿ ತೊಳೆದು, ಮರದ ಹೊಟ್ಟು ತುಂಬಿ ಉಜ್ಜಿ ಒಣಗಿಸಿ, ಹಿಂಜಿದ ಹತ್ತಿಯಂತೆ ಮಾಡುತ್ತಿದ್ದರು. ಫೋಟೋದಲ್ಲಿ ಇದು ಎಷ್ಟು ಚೆನ್ನಾಗಿ ಕಾಣುತ್ತಿತ್ತೋ, ಕೆಸರು ಹೊಲದಲ್ಲಿ ಅಷ್ಟೇ ತಲೆನೋವು. ಮಣ್ಣು ಮೆತ್ತಿ, ತೇವ ಉಳಿದು, ಚರ್ಮ ಒಡೆದು ಹುಣ್ಣಾಗುತ್ತಿತ್ತು. ಆದರೂ ಶೈರ್ ಸಾಕುವವರು ಹೆಚ್ಚು ಕೂದಲಿನ ಕುದುರೆಗಳನ್ನೇ ಆರಿಸುತ್ತಾ ಹೋದರು, ಬಹುಮಾನ ಅದಕ್ಕೇ ಬರುತ್ತಿತ್ತಲ್ಲ. ಕೊನೆಗೆ ಪಾಠ ಕಲಿಸಿದ್ದು ಅಮೆರಿಕದ ಗಿರಾಕಿಗಳು. ಅವರಿಗೆ ಈ ಗರಿ ಬೇಡವಾಗಿತ್ತು. ಬೋಳು ಕಾಲಿನ ಪೆರ್ಶೆರಾನ್, ಬೆಲ್ಜಿಯನ್ ಕುದುರೆಗಳ ಕಡೆ ಹೋದರು. ಆಮೇಲೆ ಶೈರ್‌ನ ಕಾಲಿನ ಕೂದಲೂ ತೆಳುವಾಗುತ್ತಾ, ನುಣುಪಾಗುತ್ತಾ ಬಂತು. 1900ರ ಸುಮಾರಿನ ಒಂದು ಫೋಟೋ, 1950ರ ನಂತರದ ಒಂದು ಫೋಟೋ ಪಕ್ಕಪಕ್ಕ ಇಟ್ಟರೆ ಈ ಬದಲಾವಣೆ ನಿಮಗೇ ಕಾಣುತ್ತೆ.

ಹಾಗಂತ ಪ್ರದರ್ಶನದಿಂದ ಕೆಟ್ಟದ್ದೇ ಆಯಿತು ಅನ್ನೋ ಹಾಗಿಲ್ಲ. ಸಫೋಕ್ ಕುದುರೆಗೆ ಗೊರಸು ಚೆನ್ನಾಗಿಲ್ಲ ಅಂತ ಕೆಟ್ಟ ಹೆಸರಿತ್ತು. ಶೋಗಳಲ್ಲಿ ಒಳ್ಳೇ ಗೊರಸಿಗೇ ಬೇರೆ ಸ್ಪರ್ಧೆ ಇಟ್ಟರು. ಗೊರಸು ಸುಧಾರಿಸಿತು. ಬಹುಮಾನ ಯಾವುದಕ್ಕೆ ಕೊಡ್ತೀರೋ ಅದು ಬೆಳೆಯುತ್ತೆ. ಕುದುರೆ ಮಾತ್ರ ಅಲ್ಲ, ಈ ಮಾತು ಎಲ್ಲದಕ್ಕೂ ಸರಿ ಅನ್ಸುತ್ತೆ, ಅಲ್ವಾ?

ಒಂಬತ್ತೂವರೆ ಸಾವಿರ ಪೌಂಡಿನ ಅಪ್ಪ

ಹೆಣ್ಣು ಕುದುರೆಗೆ ಮುಖ ಬಂತು, ಹೆಸರು ಬಂತು. ಆದರೆ ದುಡ್ಡು? ಅದು ಗಂಡಿನ ಕಡೆಯೇ ಉಳಿಯಿತು. ಲೆಕ್ಕ ಸುಲಭ. ಹೆಣ್ಣು ವರ್ಷಕ್ಕೆ ಒಂದು ಮರಿ ಹೆರುತ್ತೆ. ಗಂಡು ಒಂದು ಸೀಸನ್ನಿನಲ್ಲಿ ಹತ್ತಾರು ಮರಿಗಳಿಗೆ ಅಪ್ಪ, ಪ್ರತಿಯೊಂದಕ್ಕೂ ಫೀಸು.

ಈ ದುಡ್ಡಿನ ಹುಚ್ಚು ಎಲ್ಲಿಗೆ ಮುಟ್ಟಿತ್ತು ಅನ್ನೋದಕ್ಕೆ ಬ್ಯಾರನ್ ಆಫ್ ಬುಕ್ಲೈವಿ ಅನ್ನೋ ಕ್ಲೈಡ್ಸ್‌ಡೇಲ್ ಕುದುರೆಯ ಕಥೆ ಕೇಳಿ. 1900ರಲ್ಲಿ ಹುಟ್ಟಿದ್ದು. ವಿಲಿಯಂ ಡನ್‌ಲಪ್, ಜೇಮ್ಸ್ ಕಿಲ್‌ಪ್ಯಾಟ್ರಿಕ್ ಅಂತ ಇಬ್ಬರು ಇದು ಯಾರದ್ದು ಅಂತ ಜಗಳ ಮಾಡಿಕೊಂಡು ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠದ ತನಕ ಹೋದರು. ಕೊನೆಗೆ 1911ರಲ್ಲಿ ಏರ್ ಪಟ್ಟಣದಲ್ಲಿ ಹರಾಜು. ಡನ್‌ಲಪ್ ಅವರೇ 9,500 ಪೌಂಡ್ ಕೊಟ್ಟು ಬಿಡಿಸಿಕೊಂಡರು. ಆ ಕಾಲದ 9,500 ಪೌಂಡ್!

ಮೂರು ವರ್ಷ ಕಳೆಯಿತು. 1914ರಲ್ಲಿ ಒಂದು ಹೆಣ್ಣು ಕುದುರೆ ಝಾಡಿಸಿ ಒದ್ದ ಏಟಿಗೆ ಬ್ಯಾರನ್ನಿನ ಕಾಲು ಮುರಿಯಿತು. ಅಷ್ಟು ಭಾರದ ಪ್ರಾಣಿಗೆ ಕಾಲು ಮುರಿದರೆ ಮುಗಿದ ಹಾಗೇ. ಕೊಲ್ಲಬೇಕಾಯಿತು. ಗುಲಾಬಿ ತೋಟದಲ್ಲಿ ಹೂತರು, ಆಮೇಲೆ ಅಗೆದು ತೆಗೆದರು. ಅದರ ಅಸ್ಥಿಪಂಜರ ಗ್ಲಾಸ್ಗೋದ ಕೆಲ್ವಿನ್‌ಗ್ರೋವ್ ಮ್ಯೂಸಿಯಂಗೆ ಸೇರಿತು. ಸ್ಟಡ್ ಬುಕ್ಕಿನ ಅಷ್ಟೂ ಅಪ್ಪಂದಿರ ಪರಂಪರೆಗೆ ಒಂದೇ ಒದೆತದ ಉತ್ತರ... ನಗಬಾರದು, ಆದರೂ.

ಹಗ್ಗ ಹಿಡಿದವನು

ಈಗ ಮತ್ತೆ ಆ ಫೋಟೋಗಳ ಅಂಚಿಗೆ ಬರೋಣ. ಕುದುರೆಗೆ ಹೆಸರು ಬಂತು, ಮಾಲೀಕನಿಗೆ ಕಪ್ಪು ಬಂತು. ಹಗ್ಗ ಹಿಡಿದು ನಿಂತವನು ಯಾರು?

ಆ ಕುದುರೆಗೆ ಬೆಳಗಿನ ಜಾವ ಎದ್ದು ಮೇವು ಹಾಕಿದವನು. ಹೆರಿಗೆಯ ರಾತ್ರಿಗಳಲ್ಲಿ ಲಾಯದಲ್ಲೇ ಕೂತವನು. ಅದರ ಕಾಲು ತೊಳೆದವನು, ಜಡೆ ಹೆಣೆದವನು. ತೀರ್ಪುಗಾರನ ಮುಂದೆ ಅದನ್ನು ಹಿಡಿದು ಓಡಿದವನು. ಮಾಲೀಕ ಬೇಲಿಯಾಚೆ ಕೋಲು ಹಿಡಿದು ನಿಂತು ನೋಡಿದ ಅಷ್ಟೆ. ಫೋಟೋದ ಅರ್ಧ ಭಾಗ ಇವನ ಕೈಕೆಲಸ. ಎಷ್ಟೋ ಫೋಟೋಗಳಲ್ಲಿ ಕುದುರೆಯನ್ನು ಚೆನ್ನಾಗಿ ಕಾಣಿಸುವ ಭರದಲ್ಲಿ ಇವನನ್ನು ಅರ್ಧಕ್ಕೇ ಕತ್ತರಿಸಿದ್ದಾರೆ. ಕೆಲವದರಲ್ಲಿ ಉಳಿದಿರೋದು ಹಗ್ಗ ಹಿಡಿದ ಒಂದು ಕೈ ಮಾತ್ರ.

ಇವರ ಲೋಕ ಹೇಗಿತ್ತು ಅಂತ ತಿಳಿಯಬೇಕಾದರೆ ಜಾರ್ಜ್ ಯೂವರ್ಟ್ ಇವಾನ್ಸ್ ಅವರ 'ದಿ ಹಾರ್ಸ್ ಇನ್ ದಿ ಫರೋ' ಓದಬೇಕು. 1960ರಲ್ಲಿ ಬಂದ ಪುಸ್ತಕ. ಸಫೋಕ್ ಸೀಮೆಯ ಹಳ್ಳಿಗಳಲ್ಲಿ ಮುದುಕರಾಗಿದ್ದ ಕುದುರೆ ಆಳುಗಳ ಬಾಯಿಂದಲೇ ಕೇಳಿ ಬರೆದದ್ದು. ಅವರಲ್ಲಿ ಮೇಲು ಕೀಳಿನ ಶಿಸ್ತು ಭಾರೀ ಇತ್ತು. ಬೆಳಿಗ್ಗೆ ಲಾಯದಿಂದ ಮೊದಲು ಹೊರಡೋದು ಮುಖ್ಯ ಆಳಿನ ಜೋಡಿ, ಆಮೇಲೆ ಎರಡನೆಯವನು, ಆಮೇಲೆ ಮೂರನೆಯವನು. ಅದನ್ನು ಮೀರುವಂತಿಲ್ಲ. ಕುದುರೆಯನ್ನು ಹತ್ತಿರ ಕರೆಯೋ ಎಣ್ಣೆಗಳು, ದೂರ ನಿಲ್ಲಿಸೋ ವಾಸನೆಗಳು, ಕಪ್ಪೆ ಮೂಳೆಯ ಮಂತ್ರ ತಂತ್ರ ಎಲ್ಲಾ ಗುಟ್ಟಿನ ವಿದ್ಯೆ. ಮಾಲೀಕನಿಗೂ ಹೇಳುತ್ತಿರಲಿಲ್ಲ. ಕುದುರೆಗೆ ಕಟ್ಟುವ ಹಿತ್ತಾಳೆ ಬಿಲ್ಲೆ, ರಿಬ್ಬನ್ನುಗಳನ್ನು ತಮ್ಮ ಬಡ ಸಂಬಳದಲ್ಲೇ ಕೊಳ್ಳುತ್ತಿದ್ದರು. ಕುದುರೆ ಯಜಮಾನನದ್ದು, ಹೆಮ್ಮೆ ಮಾತ್ರ ಇವರದ್ದು.

ನನಗೆ ಅನ್ನಿಸೋದು ಇಷ್ಟು. ಫೋಟೋ ಹೆಣ್ಣು ಕುದುರೆಗೆ ನ್ಯಾಯ ಕೊಟ್ಟಿತು. ಅಷ್ಟರಮಟ್ಟಿಗೆ ಅದು ಸ್ಟಡ್ ಬುಕ್ಕಿಗಿಂತ ದೊಡ್ಡ ಮನಸ್ಸಿನದ್ದು. ಆದರೆ ನ್ಯಾಯ ಅಲ್ಲಿಗೇ ನಿಂತಿತು. ಆ ಆಳುಗಳಿಗೆ ಹೆಸರು ಸಿಕ್ಕಿದ್ದು ಒಬ್ಬ ಲೇಖಕ ಅವರ ಮನೆಗೆ ಹೋಗಿ ಕೂತು ಕೇಳಿದಾಗ. ಆಗ ಅವರ ಕುದುರೆಗಳು ಹೆಚ್ಚುಕಮ್ಮಿ ಮುಗಿದೇ ಹೋಗಿದ್ದವು.

ಒಂಬತ್ತು ಮರಿಗಳ ವರ್ಷ

ಮುಗಿದದ್ದು ಹೇಗೆ ಅಂತ ನಿಮಗೆ ಗೊತ್ತೇ ಇದೆ. ಮೊದಲನೇ ಮಹಾಯುದ್ಧ ಶುರುವಾದ ಕೆಲವೇ ದಿನಗಳಲ್ಲಿ ಬ್ರಿಟಿಷ್ ಸೈನ್ಯ ಹೊಲಗಳಿಂದ, ಬಂಡಿಗಳಿಂದ ಲಕ್ಷಕ್ಕೂ ಹೆಚ್ಚು ಕುದುರೆಗಳನ್ನು ಬಿಚ್ಚಿಕೊಂಡು ಹೋಯಿತು. ತೋಪು ಎಳೆಯೋ ಕೆಲಸಕ್ಕೆ ಭಾರಿ ಕುದುರೆಗಳು ಹೋದವು. ಆ ಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಕಳಕೊಂಡ ಕುದುರೆ, ಹೇಸರಗತ್ತೆ, ಒಂಟೆ, ಎತ್ತುಗಳೆಲ್ಲ ಸೇರಿ ಸುಮಾರು 4 ಲಕ್ಷ 84 ಸಾವಿರ. ಇವುಗಳಿಗೆ ಯಾರೂ ಪಕ್ಕಕ್ಕೆ ನಿಲ್ಲಿಸಿ ಜಡೆ ಹೆಣೆದು ಫೋಟೋ ತೆಗೆಯಲಿಲ್ಲ. ಅದೇ ಯುದ್ಧದ ಕಾಲದಲ್ಲಿ, 1917ರಲ್ಲಿ, ಫೋರ್ಡ್‌ಸನ್ ಟ್ರ್ಯಾಕ್ಟರ್ ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಫರ್ಗೂಸನ್ನಿನ ಪುಟ್ಟ ಬೂದು ಟ್ರ್ಯಾಕ್ಟರ್. ಫರ್ಗೂಸನ್ ಹೆಸರು ನಮ್ಮ ರೈತರಿಗೂ ಹೊಸದಲ್ಲ ಬಿಡಿ. ಮೇವು ಬೇಡ, ಲಾಳ ಬೇಡ, ಭಾನುವಾರ ನೀರು ತೋರಿಸುವುದೂ ಬೇಡ. ಕುದುರೆಗಳು ಕಸಾಯಿಖಾನೆಗೆ ಹೋದವು.

1954ರಲ್ಲಿ ಇಡೀ ಅಮೆರಿಕದಲ್ಲಿ ಹೊಸದಾಗಿ ನೋಂದಣಿಯಾದ ಪೆರ್ಶೆರಾನ್‌ಗಳು ಬರೀ 85. ಟ್ರ್ಯಾಕ್ಟರ್ ಒಲ್ಲೆನೆಂದ ಆಮಿಶ್ ರೈತರು ಆ ಕುದುರೆಗಳನ್ನು ಉಳಿಸಿಕೊಂಡವರಲ್ಲಿ ಮುಖ್ಯರು. ಸಫೋಕ್ ಪಂಚ್‌ನ ಸ್ಥಿತಿ ಇನ್ನೂ ಕೆಟ್ಟದ್ದು. 1966ರಲ್ಲಿ ಲೆಕ್ಕಕ್ಕೆ ಬಂದ ಮರಿಗಳು ಒಂಬತ್ತು. ಬೆರಳೆಣಿಕೆಗಿಂತಲೂ ಒಂದು ಕಡಿಮೆ.

ಸಫೋಕ್ ಉಳಿದ ಜಾಗಗಳಲ್ಲಿ ಒಂದು ಯಾವುದು ಗೊತ್ತೇ? ಜೈಲು! ಹಾಲ್ಸ್‌ಲೀ ಬೇ ಅನ್ನೋ ಕಡೆಯ ಬಯಲು ಬಂದೀಖಾನೆಯಲ್ಲಿ ಹಳೇ ಸಫೋಕ್ ಸ್ಟಡ್ ಒಂದಿತ್ತು. ಖೈದಿಗಳೇ ಕುದುರೆಗಳ ಚಾಕರಿ ಮಾಡುತ್ತಿದ್ದರು. 2006ರಲ್ಲಿ ಸಫೋಕ್ ಪಂಚ್ ಟ್ರಸ್ಟ್ ಅದನ್ನು ಕೊಂಡು ಮುಂದುವರಿಸಿತು. ಹೆಸರಿಲ್ಲದ ಆಳುಗಳ ಪರಂಪರೆ ಅಲ್ಲೂ ತಪ್ಪಲಿಲ್ಲ.

ಇಂಥ ಅಳಿವಿನ ಅಂಚಿನಲ್ಲಿ ಲೆಕ್ಕವೇ ತಿರುಗಿಬಿಡುತ್ತೆ. ಸಂಖ್ಯೆ ಕುಸಿದಾಗ ಗಂಡು ಕುದುರೆ ಎಷ್ಟೇ ದೊಡ್ಡ ಹೆಸರಿನದ್ದಾಗಲಿ, ಹೆರುವ ತಾಯಂದಿರು ಎಷ್ಟಿದ್ದಾರೆ ಅನ್ನೋದೇ ತಳಿಯ ಆಯಸ್ಸು. 2020ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಹೆಣ್ಣು ಮರಿಯೇ ಹುಟ್ಟುವಂತೆ ವೀರ್ಯವನ್ನು ವಿಂಗಡಿಸಿ, ಸಫೋಕ್ ಕುದುರೆಯೊಂದರಲ್ಲಿ ಹೆಣ್ಣು ಮರಿ ಪಡೆದರು. ಅಪ್ಪಂದಿರ ಹೆಸರಿನಿಂದ ಶುರುವಾದ ಪುಸ್ತಕದ ತಳಿ ಈಗ ಹೆಣ್ಣು ಮರಿಗಾಗಿ ಕಾದು ಕೂತಿದೆ. ಮಾಸ್ ರೋಸ್‌ಗೆ ಇದು ತಿಳಿದಿದ್ದರೆ ಏನನ್ನುತ್ತಿತ್ತೋ!

ಹಾಗಾಗಿ ಆ ಬೋರು ಹೊಡೆಸೋ ಹಳೇ ಫೋಟೋಗಳಿಗೆ ಈಗ ಬೇರೆಯದೇ ಬೆಲೆ. ತೆಗೆಸಿದ್ದು ಮಾರಾಟಕ್ಕೆ, ಜಂಬಕ್ಕೆ. ಉಳಿದಿರೋದು ಸಾಕ್ಷಿಯಾಗಿ. ಕಾಲಿನ ಮೂಳೆ ಎಷ್ಟು ದಪ್ಪ ಇತ್ತು, ಬೆನ್ನು ಎಷ್ಟು ಗಿಡ್ಡ ಇತ್ತು ಅಂತ ತಿಳಿಯಲು ಕಣ್ಣಿಗೆ ಕಾಣುವ ದಾಖಲೆ ಬೇರೆಲ್ಲಿದೆ? ಬಣ್ಣ ಸುಳ್ಳು, ಬೆನ್ನಗೆರೆ ಅರ್ಧ ಸುಳ್ಳು, ಆದರೂ ಅದೇ ಗತಿ.

ಬಹುಮಾನದ ಪ್ರಾಣಿಯ ಇಂಥ ಹಳೇ ಫೋಟೋ ನಿಮ್ಮ ಮನೆಗಳಲ್ಲೂ ಇರಬಹುದು. ಜಾತ್ರೆಯಲ್ಲಿ ಬೆಳ್ಳಿ ಕಡಗ ಗೆದ್ದ ಎತ್ತಿನ ಜೋಡಿ, ಪಕ್ಕದಲ್ಲಿ ಪೇಟ ಸುತ್ತಿದ ಅಜ್ಜ, ಎತ್ತಿನ ಹಗ್ಗ ಹಿಡಿದ ಇನ್ನೊಬ್ಬ. ಅಜ್ಜನ ಹೆಸರು ಎಲ್ಲರಿಗೂ ಗೊತ್ತಿರುತ್ತೆ. ಆ ಇನ್ನೊಬ್ಬನ ಹೆಸರು ಹೇಳಬಲ್ಲವರು ಮನೆಯಲ್ಲಿ ಇನ್ನೂ ಇದ್ದರೆ, ಕೇಳಿ ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟುಬಿಡಿ. ಬರೆದದ್ದನ್ನು ಇಲ್ಲಿ ಕೆಳಗೆ ಒಂದು ಸಾಲು ಹಾಕಿದರೆ ನಾವೂ ಓದ್ತೀವಿ.